ಚಿಕ್ಕಪ್ಪ ತಿದ್ದಿಸಿದ ನಿಘಂಟು

ರಸೀದಿ ಪುಸ್ತಕ ಮಾಡಿಸಲು ಮುದ್ರಣದ ಅಂಗಡಿಗೆ ಬಂದು ಕೂತಿದ್ದ ದರ್ಜಿಗೆ, ಬೇಡವೆಂದರೂ ಪಕ್ಕದವರ ಮಾತು ಕಿವಿಗೆ ಬೀಳುತ್ತಿತ್ತು. ವಯಸ್ಸಾದ ಹೆಂಗಸೊಬ್ಬರ ತೊಡೆಯ ಮೇಲೆ ನಿಘಂಟಿನ ಕರಡು ಪ್ರತಿಯಿತ್ತು. ಪಕ್ಕದಲ್ಲಿ ಅವರ ಅಕ್ಕನ ಮಗ.

“ಇದು ಹಸು ಕರು ಹಾಕೋ ಮುಂಚೆ ನರಳೋದಕ್ಕೆ ನಮ್ಮ ಮನೆಮಾತಲ್ಲಿರೋ ಪದ ಕಣೋ. ಇಲ್ಲಿ ‘ಹಸುವಿನ ಕಾಯಿಲೆ’ ಅಂತಿದೆ. ನಿಮ್ಮ ಚಿಕ್ಕಪ್ಪ ಸಾಯೋ ಮುಂಚೆ ತಿದ್ದಿಸಿದ್ರಲ್ಲ?”

“ನೀವು ತಿದ್ದಿದ್ದು ವರ್ಡ್ ಫೈಲಲ್ಲಿ, ಚಿಕ್ಕಮ್ಮ. ಮೊದಲು ಪದ ಎಲ್ಲಾ ತುಂಬಿಸಿದ್ದ ನಿಘಂಟಿನ ಸಾಫ್ಟ್‌ವೇರಲ್ಲಿ ಹಳೇದೇ ಇತ್ತು. ನಾನು ನಾಲ್ಕು ಹೊಸ ಪದ ಅಲ್ಲಿ ಸೇರಿಸಿ, ಮತ್ತೆ ವರ್ಡ್‌ಗೆ ಇಳಿಸಿದೆ. ಅದಕ್ಕೂ ನಿಮ್ಮ ಫೈಲಿನ ಹೆಸರೇ ಕೊಟ್ಟುಬಿಟ್ಟೆ.”

“ಅಂದ್ರೆ?”

“ನಿಮ್ಮ ಫೈಲಿನ ಮೇಲೆ ಇದು ಕೂತುಬಿಡ್ತು. ನೀವು ತಿದ್ದಿದ್ದೆಲ್ಲ ಅಳಿಸಿಹೋಯ್ತು.”

“ಹಾಸಿಗೆ ಹಿಡಿದ ಮನುಷ್ಯ, ಒಂದೊಂದು ಪದಕ್ಕೂ ಉಸಿರು ಎಳ್ಕೊಂಡು ಹೇಳ್ತಿದ್ರು. ನಾನು ಒಂದೇ ಬೆರಳಲ್ಲಿ ಕುಟ್ಟಿದೆ. ಎಲ್ಲಾ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು.”

“ಮತ್ತೆ ತಿದ್ದೋಣ, ಚಿಕ್ಕಮ್ಮ.”

“ಯಾರನ್ನ ಕೇಳ್ಕೊಂಡು? ಅವರು ಎದ್ದು ಬಂದು ಹೇಳ್ತಾರಾ?”

ಅಂಗಡಿಯವನು ಒಳಗಿನಿಂದ ಕೂಗಿದ: “ನಿಘಂಟಿನವರೇ, ಅಚ್ಚಿಗೆ ಹಾಕ್ಲಾ?”

“ಏನು ಹೇಳ್ಲಿ, ಚಿಕ್ಕಮ್ಮ?”

“ಹಾಕಿಸು. ಪುಸ್ತಕ ಬರುತ್ತೆ ಅಂತ ಊರಿಗೆಲ್ಲ ಡಂಗುರ ಸಾರಿದ್ದೀಯಲ್ಲ. ಮುಖಪುಟದಿಂದ ಅವರ ಹೆಸರು ಮಾತ್ರ ತೆಗೆಸು.”

“ಅವರದೇ ಕೆಲಸ ಅಲ್ವಾ?”

“ಅವರ ಕೆಲಸ ನೀನು ಅಳಿಸಿದ್ದು. ಇದಕ್ಕೆ ನಿನ್ನ ಹೆಸರೇ ಹಾಕ್ಕೋ.”

ಕರಡನ್ನು ಅವನ ಕೈಗಿಟ್ಟು ಆಕೆ ಬೀದಿಗಿಳಿದರು. ಅವನು ಅದನ್ನು ಹಿಡಿದುಕೊಂಡು ಅಂಗಡಿಯವನ ಕಡೆ ನಡೆದ.