ಹರಿಹರದಿಂದ ಬಂದ ಫೋನು

ಲೈಟ್ ಆರಿಸಬ್ಯಾಡ್ರಿ... ಇದ್ದಂಗೇ ಇರ್ಲಿ, ಹೇಳ್ತೀನಿ. ದೇವರಾಜ ಅರಸು ಬಡಾವಣ್ಯಾಗೆ ನಮ್ಮ ಪಕ್ಕದ ಮನೆ ಕೊಟ್ಟೂರೇಶಣ್ಣನ ಮಗ ಮಹಾಂತೇಶ್‌ಗೆ ಆಗಿದ್ದಿದು. ತೊಂಬತ್ತೇಳರಾಗೆ ಡಾಕ್ಟರ್ ಓದೋಕೆ ರಷ್ಯಾಕ್ಕೆ ಹೋದ. ಆ ಊರಿನ ಹೆಸರು ನನ್ನ ನಾಲಿಗೆ ಮ್ಯಾಲೆ ತಿರುಗಲ್ಲ, ಬಿಡ್ರಿ.

ಹೋಗಿ ಇನ್ನೂ ವಾರ ಆಗಿಲ್ಲ. ಭಾಷೆ ಬರಲ್ಲ, ಅಲ್ಲಿ ಊಟ ಗಂಟಲಾಗೆ ಇಳಿಯಲ್ಲ. ಒಂದು ರಾತ್ರಿ ಒಬ್ಬನೇ ಹಾಸ್ಟೆಲ್ ಕಡೆ ಹೊಂಟಾನೆ. ದಾರ್ಯಾಗೆ ಹಳೇ ಮರದ ಮನೆಗಳು, ನಡುವೆ ಒಂದು ಬಾವಿ. ರಾಟೆಗೆ ಕಬ್ಬಿಣದ ಸರಪಳಿ. ಗಾಳಿ ಇಲ್ಲ, ಒಂದು ಎಲೆ ಅಲುಗ್ತಿಲ್ಲ... ಸರಪಳಿ ಮಾತ್ರ ಕಿರ್‍ರ್... ಕಿರ್‍ರ್...

ಆಮೇಲೆ ಕೋಲಿನ ಸದ್ದು. ಟಕ್... ಸರ್... ಟಕ್... ಸರ್...

ಹೆಜ್ಜೆ ನಿಲ್ಲಿಸಿದ. ಕೋಲೂರಿ ಎಡಗಾಲು ಎಳೆಯೋ ಆ ನಡಿಗೆ ಅವನಿಗೆ ಗೊತ್ತು. ಹರಿಹರದ ಹತ್ರ ಕೊಂಡಜ್ಜಿ ಊರಾಗಿದ್ದ ಅಜ್ಜಿ ದ್ರಾಕ್ಷಾಯಣಮ್ಮಂದು. ಇವನ್ನ ಎತ್ತಿ ಆಡ್ಸಿ ಬೆಳೆಸಿದಾಕಿ.

ಇಲ್ಲೊಂದು ವಿಷ್ಯ ಐತೆ. ಇವ ವಿಮಾನ ಹತ್ತೋ ಹಿಂದಿನ ದಿನ ಬಾಂಬೆ ಲಾಡ್ಜಿಗೆ ಅವರಪ್ಪ ಹರಿಹರದ ಬೂತಿಂದ ಫೋನ್ ಮಾಡಿದ್ರು. "ಅಜ್ಜಿ ಹೋಗಿಬಿಟ್ಳು ಮಾಂತು. ಹೆಂಗಾದ್ರೂ ಮಾಡಿ ಬಾರಪ್ಪ. ನಿಂದೊಂದು ಹಿಡಿ ಮಣ್ಣು ಬೀಳ್ಲಿ." ನಮ್ಮಾಗೆ ಗೊತ್ತಲ್ಲ, ಗುಣಿಯಾಗೆ ಕೂರಿಸಿ ಮಣ್ಣು ಮಾಡ್ತಾರೆ. ಮನೆಯವರೆಲ್ಲ ಒಂದೊಂದು ಹಿಡಿ ಹಾಕಲೇಬೇಕು.

ಹುಡುಗನಿಗೆ ಒಂದೊಂದು ಅಕ್ಷರಾನೂ ಕೇಳಿಸ್ತು. ಆದ್ರೆ ವಾಪಸ್ ಹೋದ್ರೆ ಸೀಟು ಹೋಗ್ತದೆ ಅನ್ನೋ ಹೆದ್ರಿಕೆ. "ಹಲೋ... ಹಲೋ... ಅಪ್ಪಾಜಿ, ಏನೂ ಕೇಳಿಸ್ತಿಲ್ಲ" ಅಂದು ಫೋನ್ ಇಟ್ಟುಬಿಟ್ಟ! ಕೊಟ್ಟೂರೇಶಣ್ಣ ಪಾಪ, ಲೈನ್ ಸರಿ ಇಲ್ಲ ಅಂತ ಬೂತಿನ ಹಯಾತ್ ಸಾಬರಿಗೆ ಬಾಯಿಗೆ ಬಂದಂಗೆ ಬೈದ್ರು.

ಈಗ ಬಾವಿಯೊಳಗಿಂದ ಪಿಸುದನಿ.

"ಮಾಂತು..."

ಬಾವಿ ಕಟ್ಟೆ ಹಿಡಿದು ಒಳಗೆ ಬಗ್ಗಿ ನೋಡಿದ.

"ಅವತ್ತು ಕೇಳಿಸ್ತಿತ್ತಲ್ಲೋ, ಮಗಾ?"

ಅಪ್ಪನಿಗೆ ಹೇಳಿದ ಸುಳ್ಳು ಅಜ್ಜಿಗೆ ಹೇಳೋಕೆ ಬಾಯಿ ಬರ್ಲಿಲ್ಲ. "ಕೇಳಿಸ್ತಿತ್ತಜ್ಜಿ... ತಪ್ಪಾತು..." ಅಂತ ಬಿಕ್ಕಿ ಬಿಕ್ಕಿ ಅತ್ತ. ಎಂಥಾ ಪಾಪಿ ನಾನು ಅನ್ನಿಸ್ತಂತೆ.

"ಹಂಗಾರೆ ಕೊಡಪ್ಪ. ನಿನ್ನ ಹಿಡಿ ಬೀಳದೆ ನಂಗೆ ಕಣ್ಣು ಮುಚ್ಚೋಕೆ ಆಗ್ತಿಲ್ಲ..."

ನೆಲ ಚಳಿಗೆ ಕಲ್ಲಾಗಿತ್ತು. ಉಗುರು ಕಿತ್ತೋಗೋ ಹಂಗೆ ಕೆರೆದ. ಒಂದು ಹಿಡಿ ಕರಿಮಣ್ಣು ಬಾವಿಗೆ ಹಾಕಿದ. ಬುಳುಕ್ ಅನ್ನಬೇಕಲ್ಲ? ಕಿವಿಗೊಟ್ಟು ನಿಂತ... ಅನ್ನಲೇ ಇಲ್ಲ. ಸರಪಳಿ ಸದ್ದೂ ನಿಂತಿತ್ತು.

ರಜಕ್ಕೆ ಬಂದಾಗ ಮೊದ್ಲು ಅಪ್ಪನ ಕಾಲು ಹಿಡಿದ. ಆಮೇಲೆ ನಮ್ಮ ಕಟ್ಟೆ ಮ್ಯಾಲೆ ಕೂತು ಇಷ್ಟೂ ಹೇಳಿದ. ನಂಬೋರು ನಂಬ್ರಿ, ಬಿಡೋರು ಬಿಡ್ರಿ. ನಾನಂತೂ ನಂಬ್ತೀನಿ. ಯಾಕಂದ್ರೆ ಅವ ಬಂದು ಹೇಳೋಕೂ ಮುಂಚೆ, ಅಜ್ಜಿ ಹೋದ ಮೇಲಿನ ಅಮಾಸಿಗೆ, ಕೊಟ್ಟೂರೇಶಣ್ಣನ ಜೊತೆ ಹೂವಿಡೋಕೆ ನಾನೂ ಕೊಂಡಜ್ಜಿಗೆ ಹೋಗಿದ್ದೆ. ಸಮಾಧಿ ಮ್ಯಾಲೆ ಎಲ್ಲಾ ಕೆಂಪು ಮಣ್ಣು. ನಡುವೆ ಒಂದು ಹಿಡಿ ಕರಿಮಣ್ಣು, ಬೆರಳಿನ ಗುರ್ತು ಮೂಡಿದ್ದು ಹಂಗೇ ಐತೆ. ಯಾರು ಹಾಕಿದ್ರೋ ಅಂದ್ಕೊಂಡು ಬಗ್ಗಿ ಮುಟ್ಟಿದೆ. ಉರಿಬಿಸಿಲು ಕಣ್ರಿ... ಮಣ್ಣು ಮಾತ್ರ ಐಸ್ ಹಂಗೆ ತಣ್ಣಗಿತ್ತು.