ಒಂಟಿ ಕೋಣೆಯ ಜಾಹೀರಾತು

ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕಾದು ಕಾದು ಬೇಸತ್ತಿದ್ದ ದರ್ಜಿಯಮ್ಮನ ಕಿವಿಗೆ ಪಕ್ಕದ ಅಕ್ಕತಂಗಿಯರ ಮಾತು ಬಿತ್ತು.

“ಅಕ್ಕ, ಬಾಡಿಗೆಗೆ ಒಂಟಿ ಕೋಣೆ ಹುಡುಕಿ, ಆಮೇಲೆ ಹಿಸ್ಟರಿ, ಕುಕಿ ಎಲ್ಲ ಅಳಿಸಿದ್ದೆ. ಆದ್ರೂ ನಮ್ಮನೆಯವರು ಅದೇ ಕಂಪ್ಯೂಟರಲ್ಲಿ ನ್ಯೂಸ್ ನೋಡೋಕೆ ಕೂತ್ರೆ ಬರೀ ಕೋಣೆಗಳ ಜಾಹೀರಾತು.”

“ಅಳಿಸಿದ್ರೂ ಕಂಪ್ಯೂಟರಿನ ಚಹರೆ ಹೋಗಲ್ಲ ಕಣೇ. ಪರದೆ ಅಳತೆ, ಫಾಂಟು, ಎಲ್ಲ ಸೇರಿಸಿ ಜಾಹೀರಾತಿನವರು ಗುರುತು ಹಿಡೀತಾರೆ.”

“ಅದನ್ನ ತಡೆಯೋಕೇ ಸಿಕ್ಕಸಿಕ್ಕ ಎಕ್ಸ್‌ಟೆನ್ಷನ್ನೆಲ್ಲ ಬ್ರೌಸರಿಗೆ ತುಂಬಿದ್ದೆ.”

“ಅಲ್ಲೇ ಎಡವಟ್ಟಾಗಿದ್ದು. ಅಷ್ಟೊಂದು ಹೇರ್ಕೊಂಡಿರೋದು ನಿಂದೊಂದೇ. ಸಂತೇಲಿ ಒಬ್ಬಳೇ ಮುಸುಕು ಹಾಕ್ಕೊಂಡ್ರೆ ಎಲ್ಲರ ಕಣ್ಣೂ ನಿನ್ನ ಮೇಲೇ.”

“ಮತ್ತೇನು ಮಾಡ್ಲಿ?”

“ಎಲ್ಲರ ಹತ್ರ ಇರೋ ಥರದ್ದೇ ಇಟ್ಕೊಂಡು ಗುಂಪಲ್ಲಿ ಗೋವಿಂದ ಅನ್ನು.”

ಒಳಗಿಂದ ಕರೆ ಬಂತು. ತಂಗಿ ಕೆನ್ನೆ ಹಿಡಿದುಕೊಂಡು ಎದ್ದಳು.

“ಮದುವೆ ಆದಾಗಿಂದ ಅದನ್ನೇ ಅಂತಿದ್ದೀನಿ. ಅದಕ್ಕೇ ಕೋಣೆ ಹುಡುಕಿದ್ದು.”