ಹಳೇಬೀಡು ರಸ್ತೆಯ ಶಾಫ್ಟ್ ಶೆಡ್ಡು

...ಅಲ್ಲ ಮಾವ, ಪೊಲೀಸ್ನೋರು ಕೇಳಿದ್ರೆ ನೀವು ಇಷ್ಟೇ ಅನ್ನಿ. ‘ನಮ್ಮ ಅಳಿಯ ಶಶಿಧರನ ಮೈಮೇಲೆ ಆ ಎಂಜಿನಿಯರೇ ಬಿದ್ದ, ಇವನು ತಡೆಯೋಕೆ ಹೋಗಿ ಕೈಗೆ ಸಿಕ್ಕಿದ್ದು ಬೀಸ್ದ.’ ಅಷ್ಟೇ! ಷಡಕ್ಷರಪ್ಪನೋರ ಮಾತು ಅಂದ್ರೆ ಅರಸೀಕೆರೇಲಿ ಯಾರು ಇಲ್ಲ ಅಂತಾರೆ? ...ಯಾಕೆ ಹಂಗೆ ನೋಡ್ತೀರಿ? ಕೂತ್ಕಳಿ. ಆಸ್ಪತ್ರೆ ಬೆಂಚು ಖಾಲಿ ಐತಲ್ಲ.

ಅಂಗಿ ಮೇಲಿರೋದಾ? ಅವನ ರಕ್ತ. ನಂದಲ್ಲ. ನಂಗೇನೂ ಆಗಿಲ್ಲ.

ನೀವು ಇರ್ಬೇಕಿತ್ತು ಮಾವ, ಬೆಳಿಗ್ಗೆ ಶೆಡ್ಡಲ್ಲಿ! ಆ ರಾಜಶೇಖರ್, ಕಾರು ಕಂಪ್ನಿ ಎಂಜಿನಿಯರು, ಬಂದ, ಕೂತ, ಎಳನೀರು ಕುಡ್ದ. ಬಾಯಿ ಒರ್ಸ್ಕೊಂಡು ಏನಂದ ಗೊತ್ತಾ? ‘ಆ ಹೊಸ ಗಾಡಿ ಇನ್ನೂ ತೀರ್ಮಾನ ಆಗಿಲ್ಲ ಸಾರ್.’ ಆಗಿಲ್ಲ! ಎರಡು ವರ್ಷದಿಂದ ಇದೇ ರಾಗ! ಒಂದೇ ಚಾಸಿ, ಗಾಡಿ ತಳದ ಚೌಕಟ್ಟು, ಅದರ ಮೇಲೆ ಜೀಪು, ಪಿಕಪ್ಪು, ವ್ಯಾನು, ಮೂರೂ ಕೂರ್ತವೆ ಅಂದ್ರು. ಮೂರಕ್ಕೂ ಹಿಂದಿನ ಚಕ್ರಾನೇ ತಳ್ಳೋದು, ಇಂಜಿನ್ನಿಂದ ಹಿಂದಕ್ಕೆ ಚಕ್ರ ತಿರುಗ್ಸೋ ಉದ್ದನೆ ಉಕ್ಕಿನ ಶಾಫ್ಟು ಬೇಕು, ಅದನ್ನ ನೀವು ಮಾಡ್ಕೊಡಿ ಅಂದ್ರು. ಆಮೇಲೆ? ಬ್ಯಾಟರಿ ಗಾಡಿ ಮಾಡಿದ್ರೆ ಶಾಫ್ಟೇ ಬೇಡ ಅಂದ್ರು. ಮುಂದಿನ ತಿಂಗ್ಳು, ಬೇಕು ಅಂದ್ರು. ಇವತ್ತು, ನೋಡಣ! ನೋಡಣ ಅನ್ನೋಕೆ ಇದೇನು ಹೆಣ್ಣು ನೋಡೋ ಶಾಸ್ತ್ರಾನ?

ಅರವತ್ನಾಲ್ಕು ತೆಂಗು, ಮಾವ! ಹಳೇಬೀಡು ರಸ್ತೆ ತೋಟದಲ್ಲಿ ಅರವತ್ನಾಲ್ಕು ಮರ ಕಡಿಸಿದ್ವಿ ಆ ಶೆಡ್ಡಿಗೆ ಜಾಗ ಮಾಡೋಕೆ. ನಿಮ್ಮಪ್ಪ ನೆಟ್ಟಿದ್ದು. ನೆನೆಸ್ಕೊಂಡ್ರೆ ಇವಾಗ್ಲೂ ಒಳಗೆ ಹೋಗಿ ಅವನ ಕತ್ತು ಹಿಸುಕ್ಬೇಕು ಅನ್ಸುತ್ತೆ! ...ಆಯ್ತು, ಆಯ್ತು. ಮೆಲ್ಲಗೇ ಮಾತಾಡ್ತೀನಿ. ನರ್ಸು ಬೈದ್ರೆ ಬೈಲಿ.

ನಾನು ಕೂಗ್ದೆ, ಅವನೂ ಕೂಗ್ದ. ಮೈಮೇಲೆ ಬಂದ. ಪಕ್ಕದಲ್ಲೇ ಸ್ಯಾಂಪಲ್ ಶಾಫ್ಟು ಇತ್ತು, ನಾನೇ ಲೇತಲ್ಲಿ ಕಡೆದಿದ್ದು. ಎತ್ತಿ ಬೀಸ್ದೆ. ಹಸಿ ಸೌದೆ ಸೀಳ್ದಂಗೆ ಸದ್ದು ಬಂತು. ಒಂದೇ ಏಟು. ಮಗುಚ್ಕೊಂಡ.

ತಲೆ ಯಾಕೆ ಅಲ್ಲಾಡಿಸ್ತೀರಿ? ...ಡಾಕ್ಟ್ರನ್ನ ಕೇಳಿದ್ರಾ? ಏನಂದ್ರು? ...ಯಾಕೆ, ಕೈ ಯಾಕೆ ಹಿಂದಲೆ ಮೇಲೆ ಇಟ್ಕೊಂಡ್ರಿ?

ಹೂಂ. ಹಿಂದ್ಗಡೇನೇ ಐತೆ ಏಟು. ತಪ್ಪಿಸ್ಕಳಕ್ಕೆ ತಿರುಗಿರ್ಬೇಕು ಅವನು... ತಿರುಗಿರ್ಬೇಕಪ್ಪ!

ಸರಿ! ಬಾಗ್ಲ ಕಡೆ ಹೋಗ್ತಿದ್ದ. ಸಾಕಾ? ನಿಮ್ಮ ಮನೆಗೆ ಬರೋಕೆ ಹೊರಟಿದ್ದ. ಯಾಕೆ ಅಂದ್ರೆ... ಸುಮ್ನೆ. ನಿಮ್ಮನ್ನ ಮಾತಾಡ್ಸೋಕೆ.

ಹಂಗೆ ನಿಲ್ಬೇಡಿ ಮಾವ. ಬೈಯ್ರಿ. ಬೈದ್ರೆ ಉತ್ತರ ಕೊಡಬೋದು.

...ಶಿವರಾತ್ರಿಗೆ ಮುಂಚೆ ಫೋನ್ ಮಾಡಿದ್ದ ಅವನು. ‘ಕಂಪ್ನೀಲಿ ಯಾವುದೂ ನಿಕ್ಕಿ ಇಲ್ಲ, ಮರ ಮುಟ್ಟಬೇಡಿ, ನಿಮ್ಮ ಮಾವನೋರಿಗೂ ಹೇಳಿ’ ಅಂದಿದ್ದ. ನಾವು ಕಡಿಸಿದ್ದು ಯುಗಾದಿ ಆದ್ಮೇಲೆ. ಗೊತ್ತಿತ್ತು ನಂಗೆ. ಗೊತ್ತಿತ್ತು! ಶೆಡ್ಡಿಗೆ ನನ್ನ ಹೆಸ್ರಿನ ಬೋರ್ಡು ಬರೆಸಿ ಆಗಿತ್ತು. ಮಠದಿಂದ ಸ್ವಾಮಿಗಳು ಪೂಜೆಗೆ ಬರ್ತೀವಿ ಅಂದಿದ್ರು. ನಿಮ್ಮ ಮಗಳು ಮಾಲಿನಿ ಬೇಲೂರು ತನಕ ನೆಂಟ್ರಿಗೆಲ್ಲ ಹೇಳ್ಕೊಂಡು ಬಂದಿದ್ಲು. ಹದಿನೈದು ವರ್ಷ ಷಡಕ್ಷರಪ್ಪನೋರ ಮನೆ ಅಳಿಯ, ಮನೆ ಅಳಿಯ... ಒಂದ್ಸಲ ಜನದ ಬಾಯಲ್ಲಿ ಶಶಿಧರ್ ಅನ್ನಿಸ್ಕಳಣ ಅಂತ... ಗರಗಸದೋರು ಬಂದು ನಿಂತಾಗ ನೀವೇ ಕೇಳಿದ್ರಿ, ‘ನಿಕ್ಕಿ ತಾನೇನಪ್ಪ?’ ಅಂತ. ನಿಕ್ಕಿ ಮಾವ, ಅಂದೆ.

ಇವತ್ತು ಕಿಟಕೀಲಿ ಶೆಡ್ಡಿನ ಹಿಂದೆ ರಾಶಿ ಬಿದ್ದಿರೋ ತೆಂಗಿನ ಬೊಡ್ಡೆಗಳನ್ನ ನೋಡಿ ಅವನ ಮುಖ ಬಿಳುಪಾಗೋಯ್ತು. ‘ಯಜಮಾನ್ರಿಗೆ ಹೇಳ್ಲೇ ಇಲ್ವಾ ಸಾರ್? ನಾನೇ ಹೋಗಿ ಹೇಳ್ತೀನಿ’ ಅಂದು ಬೆನ್ನು ತಿರುಗಿಸ್ದ.

ಅವನು ಕೈ ಎತ್ಲಿಲ್ಲ ಮಾವ. ಒಂದೇ ಏಟೂ ಅಲ್ಲ. ಕೆಳಗೆ ಬಿದ್ಮೇಲೂ ‘ಯಜಮಾನ್ರಿಗೆ ಹೇಳ್ತೀನಿ, ಯಜಮಾನ್ರಿಗೆ...’ ಅಂತಾನೇ ಇದ್ದ. ಆ ಮಾತು ನಿಲ್ಲೋ ತನಕ ಹೊಡ್ದೆ.